ಗಂಟು ಕರಗಿದ ಭಾನುವಾರ

ಅಂಗಡಿಯ ಮೇಲಿನ ಮನೆ,
ಸೋಮವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

ಹೇಗಿದ್ದೀಯ? ದಿನವಿಡೀ ನಿಂತು ಕೆಲಸ ಮಾಡಿ ಹಿಮ್ಮಡಿ ನೋಯುತ್ತದೆ ಎಂದಿದ್ದೆಯಲ್ಲ, ಕಡಿಮೆಯಾಯಿತೇ? ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರು ಅಂದರೆ "ಆಯ್ತಮ್ಮ" ಅನ್ನುತ್ತೀಯ, ಮಾಡುವುದಿಲ್ಲ, ನನಗೆ ಗೊತ್ತು. ನಾವು ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ಪದ್ಧತಿ, ಆದರೆ ಈ ಸಲ ಕೈ ಬರುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಒಮ್ಮೆ ಎದ್ದು ಒಲೆ ಆರಿಸಿದೆನೇ ಎಂದು ನೋಡಿ ಬಂದೆ, ಇನ್ನೊಮ್ಮೆ ಸುಮ್ಮನೆ ಕಿಟಕಿಯವರೆಗೆ ಹೋಗಿ ಬಂದೆ. ಫೋನಿನಲ್ಲೇ ಹೇಳಬಹುದಿತ್ತು. ನಾನು ಫೋನ್ ಹಿಡಿದರೆ ಸಾಕು, ನಿನ್ನಪ್ಪ ಕೆಳಗೆ ಅಂಗಡಿಯಲ್ಲಿ ಕೈಲಿದ್ದ ಗಡಿಯಾರ ಬಿಟ್ಟು ಮೆಟ್ಟಿಲ ಹತ್ತಿರ ಬಂದು ನಿಲ್ಲುತ್ತಾರೆ.

ನನ್ನ ಗಂಟಲಲ್ಲಿ ಗಂಟಾಗಿರುವುದು ನಿನಗೆ ಗೊತ್ತು. ಅದು ಕರಗಿಹೋಯಿತು ಎಂಬ ಸುದ್ದಿಯೂ ನಿನ್ನ ಅತ್ತೆಯಿಂದ ಬಂದು ಮುಟ್ಟಿರಬೇಕು. ನನಗೆ ಗೊತ್ತಾದದ್ದು ಚರ್ಚಿನಲ್ಲಿ, ಎಲ್ಲರ ಜೊತೆಗೆ. ಹೊರಗಿನಿಂದ ಒಬ್ಬ ಬೋಧಕರು ಬಂದಿದ್ದರು. ಕೇಳಿದ್ದು ಸಿಗುವ ಮೊದಲೇ ಕೃತಜ್ಞತೆ ಹೇಳುವವನೇ ನಿಜವಾದ ವಿಶ್ವಾಸಿ ಎಂದು ಬೋಧಿಸಿ ಹೋದರು. ಮರುವಾರ, ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳುವ ಹೊತ್ತಿಗೆ ನಿನ್ನಪ್ಪ ಎದ್ದು ನಿಂತರು. ಪಾಪ, ಇಷ್ಟು ವರ್ಷದಲ್ಲಿ ಸಭೆಯ ಮುಂದೆ ಬಾಯಿಬಿಡದ ಮನುಷ್ಯ. "ನನ್ನ ಹೆಂಡತಿ ಗಂಟಲಲ್ಲಿದ್ದ ಗಂಟು ಮಾಯ ಆಗಿದೆ. ಕರ್ತನಿಗೆ ಸ್ತೋತ್ರ" ಅಂದರು. ಕೀಬೋರ್ಡಿನ ಮೇಲಿದ್ದ ನನ್ನ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಕೋಟಿನ ಗುಂಡಿಯಷ್ಟು ದಪ್ಪಗೆ ಅದು ಅಲ್ಲೇ ಕೂತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬ್ಯಾಂಕಿನ ಮೇಡಂ ಓಡಿ ಬಂದು ತಬ್ಬಿಕೊಂಡು ಅತ್ತರು. ನಾನು ಏನು ಹೇಳಲಿ? ಮುಂದಿನ ಕೀರ್ತನೆ ನುಡಿಸಿದೆ.

ಯೋಚನೆ ಮಾಡು, ಯಾರು ಇದನ್ನು ಮಾಡಿದ್ದು ಅಂತ. ಗಿರಾಕಿಯ ಗಡಿಯಾರ ರಿಪೇರಿ ಮಾಡಿ, ಗೋಡೆಗೆ ಹಾಕಿ, ನಾಲ್ಕು ದಿನ ಓಡಿಸಿ ನೋಡದೆ "ಸರಿಯಾಯ್ತು" ಅನ್ನದ ಮನುಷ್ಯ. "ನಡೀತಿದೆ ಅಂತ ಮುಳ್ಳು ಹೇಳ್ಬೇಕು, ನಾನಲ್ಲ" ಎಂದು ನಿನಗೂ ಎಷ್ಟು ಸಲ ಹೇಳಿಲ್ಲ! ಅಂಥವರು ಹೆಂಡತಿಯ ಗಂಟಲನ್ನು ಒಮ್ಮೆ ಮುಟ್ಟಿಯೂ ನೋಡದೆ ವಾಸಿಯಾಯಿತು ಎಂದುಬಿಟ್ಟರು.

ಆಮೇಲಿನ ವಾರ ನಾನು ಪಟ್ಟ ಪಾಡು ಕೇಳಬೇಡ. ಸೆಕೆಯಲ್ಲೂ ಕುತ್ತಿಗೆಗೆ ಸ್ಕಾರ್ಫು ಸುತ್ತಿಕೊಂಡು ಶಾಲೆಗೆ ಹೋಗಿ ಹಾಡು ಕಲಿಸಿದೆ. ಒಬ್ಬ ತಾಯಿ ಕಾಯಿಲೆಯ ಮಗುವನ್ನು ಎತ್ತಿಕೊಂಡು ಅಂಗಡಿಗೇ ಬಂದು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಎಂದು ನಿನ್ನಪ್ಪನನ್ನು ಕೇಳಿಕೊಂಡಳು. ಅವರು ಪ್ರಾರ್ಥಿಸಿದರು. ಅವಳು ಹೋದ ಮೇಲೆ ಷಟರ್ ಅರ್ಧ ಎಳೆದು ಒಳಗೇ ಕೂತರು, ಊಟಕ್ಕೆ ಕರೆದರೂ ಬರಲಿಲ್ಲ. ಅದೇ ಹೊತ್ತಿಗೆ ಆಪರೇಷನ್ನಿಗೆ ದಿನ ನಿಗದಿಯಾಗಿದೆ ಎಂದು ಆಸ್ಪತ್ರೆಯಿಂದ ಫೋನ್ ಬಂತು. ಜಗಳವಾಯಿತು. "ಈಗ ಹೋದ್ರೆ ನಾವು ನಂಬ್ಲಿಲ್ಲ ಅಂತ ಆಗುತ್ತೆ" ಅಂದರು ಅವರು. "ಮಾತು ಕೊಟ್ಟಿದ್ದು ನೀವು, ದೇವರಲ್ಲ" ಅಂದೆ ನಾನು. ಹಾಗೆ ಅಂದುಬಿಟ್ಟೆನೇ ಹೊರತು ನನ್ನೊಳಗೆ ನೆಮ್ಮದಿ ಎಲ್ಲಿತ್ತು? ಅವರು ಹೇಳುವುದೇ ನಿಜವಿದ್ದರೆ, ನಾನು ಸರಿಯಾಗಿ ನಂಬಿದ್ದರೆ ಇದು ಕರಗುತ್ತಿತ್ತೇನೋ ಎಂಬ ಹುಳ ತಲೆಯೊಳಗೆ ಹೊಕ್ಕಿತು. ಬೆಳಿಗ್ಗೆ ಎದ್ದರೆ ಪ್ರಾರ್ಥನೆಗೆ ಕೈ ಜೋಡಿಸುವ ಮೊದಲು ಗಂಟಲು ಮುಟ್ಟಿ ನೋಡುತ್ತಿದ್ದೆ. ಇದ್ದರೆ ದೇವರ ಮೇಲೆ ಸಿಟ್ಟು. ಒಂದು ದಿನ ಚಿಕ್ಕದಾದಂತೆ ಅನ್ನಿಸಿತು, ಆವತ್ತಿಡೀ ದೇವರು ಬಹಳ ಒಳ್ಳೆಯವನಾಗಿದ್ದ. ಮರುದಿನ ಮತ್ತೆ ಅಷ್ಟೇ ಇತ್ತು. ನನ್ನ ನಂಬಿಕೆಯ ಬಣ್ಣ ನೋಡು, ಅಂಗಡಿಯಲ್ಲಿ ತರಕಾರಿ ಹಿಸುಕಿ ನೋಡಿದ ಹಾಗೆ.

ಆಗ ನಿನ್ನ ಅಜ್ಜಿ ನೆನಪಾದರು. ಕೊನೆಯ ವರ್ಷ ಹಾಸಿಗೆಯ ಮೇಲೇ ಇದ್ದರು, ನಾವೆಲ್ಲ ಪ್ರಾರ್ಥಿಸಿದೆವು, ವಾಸಿಯಾಗಲಿಲ್ಲ. ಆದರೂ ಸಂಜೆಯಾದರೆ ಗೋಡೆಯ ಕಡೆ ತಿರುಗಿ, ಪಕ್ಕದ ಮನೆಯವರ ಜೊತೆ ಮಾತಾಡುವ ಹಾಗೆ ದೇವರಿಗೆ "ಇವತ್ತೂ ನೋವು ಹೋಗ್ಲಿಲ್ಲಪ್ಪ. ಇರ್ಲಿ, ನೀನು ಎದ್ದು ಹೋಗ್ಬೇಡ, ಇಲ್ಲೇ ಕೂತಿರು" ಅನ್ನುತ್ತಿದ್ದರು. ಅವರಿಗೆ ನಂಬಿಕೆ ಸಾಲದೆ ಹೋಯಿತು ಎನ್ನುವ ಧೈರ್ಯ ಯಾವ ಬೋಧಕರಿಗಿದೆಯೋ ನನ್ನ ಮುಂದೆ ಬರಲಿ. ಶಿಲುಬೆಯ ಮೇಲೆ ನಮ್ಮ ಸ್ವಾಮಿಯೇ ನೋವು ತಪ್ಪಿಸಿಕೊಳ್ಳಲಿಲ್ಲ. ಇದನ್ನು ನಿನ್ನಪ್ಪನಿಗೆ ಹೇಳಿದೆ. ಅವರು ಚೆನ್ನಾಗಿ ಓಡುತ್ತಿದ್ದ ನಮ್ಮ ಗೋಡೆ ಗಡಿಯಾರವನ್ನೇ ಇಳಿಸಿ ಬಿಚ್ಚಿ ಹರವಿಕೊಂಡು ಕೂತರು.

ನಿನ್ನೆ ಸಾಕ್ಷಿಯ ಹೊತ್ತಿಗೆ ಮತ್ತೆ ಎದ್ದು ನಿಂತರು. ಇನ್ನೇನು ಪವಾಡ ಕಾದಿದೆಯೋ ಅಂದುಕೊಂಡೆ. "ಹೋದ ಸಲ ನಾನು ಹೇಳಿದ್ದು ನಿಜ ಅಲ್ಲ. ಗಂಟು ಹಾಗೇ ಇದೆ. ಆಪರೇಷನ್ ಆಗ್ಬೇಕು. ನಂಗೆ ಭಯ ಆಗಿದೆ" ಅಂದರು. ಆಮೇಲೆ "ಆದ್ರೂ ಸ್ತೋತ್ರ" ಅಂದು ಕೂತರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಕೆಲವರು ಮುಖ ತಿರುಗಿಸಿದರು, ಬ್ಯಾಂಕಿನ ಮೇಡಂ ಕೂಡ. ಆ ಮಗುವಿನ ತಾಯಿ ಮಾತ್ರ ಎದ್ದು ಬಂದು ನಿನ್ನಪ್ಪನ ಪಕ್ಕದ ಖಾಲಿ ಜಾಗದಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನನಗೆ ಕಣ್ಣು ಮಂಜಾಗಿ ಕೀರ್ತನೆಯನ್ನು ಯಾವ ಶ್ರುತಿಯಲ್ಲಿ ಎತ್ತಿಕೊಂಡೆನೋ, ಗಂಡಸರು ದನಿ ಎಟುಕದೆ ಒದ್ದಾಡಿಬಿಟ್ಟರು.

ಹೊರಡುವ ದಿನ ನೀನು "ನನ್ನಿಂದ ನಂಬೋಕಾಗ್ತಿಲ್ಲ ಅಮ್ಮ, ಬಿಟ್ಬಿಡು" ಅಂದಿದ್ದೆ. ಆವತ್ತು ನಾನು ತಟ್ಟೆ ಕುಕ್ಕಿ ಎದ್ದುಹೋದೆ. ಇವತ್ತಾಗಿದ್ದರೆ ಕೂತಿರುತ್ತಿದ್ದೆ. ಮೈ ನೋಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಕರೆಯದಿದ್ದರೂ ಆ ಸ್ವಾಮಿ ನಿನ್ನ ಕೋಣೆಯಲ್ಲಿ ಒಂದು ಮೂಲೆ ಹಿಡಿದು ಕೂತಿರಲಿ ಎಂದು ಹರಸುತ್ತೇನೆ. ನಿನ್ನಪ್ಪ ನೆನಪು ಹೇಳಿದ್ದಾರೆ.

ನಿನ್ನ
ಅಮ್ಮ

ತಾ.ಕ.: ಅಂಚೆಗೆ ಹಾಕುವ ಮೊದಲು ಮತ್ತೆ ಬಿಚ್ಚಿದೆ. ಆಪರೇಷನ್ ತಿಂಗಳ ಕೊನೆಯ ಗುರುವಾರ. ಜೀವಕ್ಕೆ ತೊಂದರೆಯಿಲ್ಲವಂತೆ, ದನಿ ಮಾತ್ರ ಈಗಿನ ಹಾಗೆ ಉಳಿಯುತ್ತದೆ ಎಂದು ಹೇಳಲಾಗದು ಎಂದರು ಡಾಕ್ಟರು. ಅದನ್ನು ಕೇಳಿ ಬಂದ ವಾರವೇ ನಿನ್ನಪ್ಪ ಗಂಟು ಮಾಯವಾಗಿದೆ ಎಂದದ್ದು. ಗುರುವಾರಕ್ಕೆ ಮುಂಚೆ ಒಂದು ಸಲ ಫೋನ್ ಮಾಡು ಗುಬ್ಬಿ. ಚಿಕ್ಕವಳಿದ್ದಾಗ ನಿನ್ನನ್ನು ಮಲಗಿಸುತ್ತಿದ್ದ ಕೀರ್ತನೆ ಹಾಡುತ್ತೇನೆ. ನೀನು ನಂಬಬೇಕೆಂದಿಲ್ಲ, ಕೇಳಿಸಿಕೊಂಡರೆ ಸಾಕು.