ಗೂಟದಲ್ಲಿದ್ದ ಹನ್ನೊಂದು ಕೋಟು

ಗುರುವಾರ, ಬೆಳಗ್ಗೆ

ಪ್ರೀತಿಯ ಅಕ್ಕ,

ಮೊದಲೇ ಹೇಳಿಬಿಡುತ್ತೇನೆ, ಭಾವ ಬದುಕಿದ್ದಾರೆ. ಆಸ್ಪತ್ರೆಯ ಚಹಾ ಸಪ್ಪೆ ಎಂದು ನರ್ಸಮ್ಮನ ಹತ್ತಿರ ತಕರಾರು ಮಾಡುವಷ್ಟು ಗಟ್ಟಿಯಾಗಿದ್ದಾರೆ. ನಿನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದ್ದೇ ನನ್ನ ಬಾಯಿ ಕಟ್ಟಿಹೋಯಿತು. ಅದಕ್ಕೇ ಈ ಕಾಗದ.

ನಮ್ಮ ಮೀನಿನ ಕೋಲ್ಡ್ ಸ್ಟೋರೇಜಿನ ಪದ್ಧತಿ ನಿನಗೆ ಗೊತ್ತು. ಒಳಗೆ ಹೋಗುವವರು ದಪ್ಪ ಕೋಟು ಹಾಕಿಕೊಳ್ಳಬೇಕು, ಹೊರಗೆ ಬಂದವರು ಅದನ್ನು ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಬೇಕು. ಊಟದ ಹೊತ್ತಿಗೆ ಹನ್ನೊಂದು ಕೋಟೂ ಗೂಟದಲ್ಲಿದ್ದರೆ ಒಳಗೆ ಯಾರೂ ಇಲ್ಲವೆಂದು ಲೆಕ್ಕ. ನಿನ್ನೆ ಹನ್ನೊಂದೂ ಇದ್ದವು. ಅಗುಳಿ ಬಿತ್ತು. ಆದರೆ ಭಾವ ನೆಲ ತೊಳೆದು ಒದ್ದೆಯಾಗಿದ್ದ ಅಂಗಿಯಲ್ಲೇ, ಎರಡು ನಿಮಿಷದ ಕೆಲಸಕ್ಕೆ ಕೋಟು ಯಾಕೆಂದು ಒಳಗೆ ಹೋಗಿದ್ದರು. ಬಾಗಿಲ ಒಳಗಿನ ಹಿಡಿ ವಾರದಿಂದ ಕೆಟ್ಟಿತ್ತು.

ಎಲ್ಲರ ಊಟ ಮುಗಿದರೂ ಅವರ ಡಬ್ಬಿ ಮಾತ್ರ ಮುಚ್ಚಳ ತೆಗೆಯದೆ ಕೂತಿತ್ತು. ಊಟಕ್ಕೆ ಮುಂದು ಎಂದು ನೀನೇ ಅಣಕಿಸುವ ಮನುಷ್ಯ! ಬಾಗಿಲು ತೆಗೆಯಲು ಓಡಿದೆ.

ಪೆಟ್ಟಿಗೆಗಳ ಸಂದಿಯಲ್ಲಿ ಕುಸಿದಿದ್ದರು. ತುಟಿ ನೀಲಿಗಟ್ಟಿತ್ತು, ನಾಲಿಗೆ ತೊದಲುತ್ತಿತ್ತು. ನನ್ನನ್ನು ನೀನೆಂದುಕೊಂಡು, ಸೆಕೆ ಆಗ್ತಿದೆ ಕಣೇ, ಕಿಟಕಿ ತೆಗಿ ಅಂತ ಅಂಗಿಯ ಗುಂಡಿ ಬಿಚ್ಚುತ್ತಿದ್ದರು. ಮೈ ನಡುಗುತ್ತಲೇ ಇರಲಿಲ್ಲ. ಮೇಸ್ತ್ರಿಗೆ ಅದೇ ಸಮಾಧಾನ. ನಡುಕ ನಿಂತ್ಹೋಯ್ತಲ್ಲ, ಇನ್ನೇನು ಭಯ ಇಲ್ಲ ಬಿಡು ಅಂದ. ನನಗೆ ನಿನ್ನ ಮಾತು ನೆನಪಾಯಿತು. ನಡುಗುವಷ್ಟು ಹೊತ್ತು ಮೈ ಹೋರಾಡುತ್ತಿರುತ್ತದೆ, ಬೆಚ್ಚಗಾಗದೆ ನಡುಕ ನಿಂತರೆ ಸೋಲುತ್ತಿದೆ ಎಂದು ಅರ್ಥ ಎಂದು ನೀನು ಪ್ರಥಮ ಚಿಕಿತ್ಸೆ ಕಲಿಸುವಾಗ ಹೇಳಿದ್ದೆಯಲ್ಲ.

ಒಬ್ಬ ಅಂಗಾಲು ತಿಕ್ಕಲು ಕುಳಿತ, ಇನ್ನೊಬ್ಬ ಬ್ರಾಂದಿ ತಂದ, ಮೇಸ್ತ್ರಿ ಎಬ್ಬಿಸಿ ನಡೆಸೋಣ ಅಂದ. ಮೂವರಿಗೂ ಬಾಯಿಗೆ ಬಂದಂತೆ ಬೈದೆ. ಆಂಬುಲೆನ್ಸಿಗೆ ಫೋನು ಮಾಡಿಸಿ, ಭಾವನನ್ನು ಮೊಟ್ಟೆ ಎತ್ತಿದ ಹಾಗೆ ಮೆಲ್ಲಗೆ ಹೊರಗೆ ತಂದು ಮಲಗಿಸಿದೆವು. ಒದ್ದೆ ಅಂಗಿ ಕತ್ತರಿಸಿ ತೆಗೆದು, ತಲೆಗೂ ಸೇರಿಸಿ ಒಣ ಕಂಬಳಿ ಸುತ್ತಿದೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಎದೆಗೆ, ಕಂಕುಳಿಗೆ ಇಟ್ಟೆ, ಕೈಕಾಲಿಗೆ ಇಡಲಿಲ್ಲ. ಬಾಯಿಗೆ ಏನೂ ಹಾಕಲು ಬಿಡಲಿಲ್ಲ. ಆಮೇಲೆ ಆಂಬುಲೆನ್ಸ್ ಬರುವವರೆಗೂ ಅವರ ಮೂಗಿನ ಹತ್ತಿರ ಕೆನ್ನೆ ಇಟ್ಟು ಉಸಿರು ಎಣಿಸುತ್ತ ಕುಳಿತೆ. ಅಷ್ಟು ಉದ್ದದ ಇಪ್ಪತ್ತು ನಿಮಿಷವನ್ನು ನಾನು ಕಂಡಿಲ್ಲ ಅಕ್ಕ.

ಆಸ್ಪತ್ರೆ ಸೇರಿ ಗಂಟೆಯ ಮೇಲೆ ಅವರ ಹಲ್ಲು ಕಟಕಟ ಎಂದಿತು, ಮೈಯೆಲ್ಲ ಗಡಗಡ ನಡುಗಿತು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಎಳೆದಾಡಿ ನಡೆಸಿದ್ದರೆ ಹೃದಯವೇ ನಿಲ್ಲಬಹುದಿತ್ತು, ಯಾರಮ್ಮ ನಿನಗೆ ಕಲಿಸಿದ್ದು ಎಂದು ಡಾಕ್ಟರು ಕೇಳಿದರು. ನಮ್ಮಕ್ಕ ಅಂದೆ.

ಬೇಗ ಬಾ.

ನಿನ್ನ ಮೊಂಡಿ

ತಾ.ಕ.: ಅಗುಳಿ ಬಿತ್ತು ಎಂದು ಬರೆದೆ. ಅದು ತಾನಾಗಿ ಬೀಳುವ ಅಗುಳಿಯಲ್ಲ, ಹಾಕಿದವಳು ನಾನು. ಹಸಿವಾಗಿತ್ತು, ಕೋಟು ಎಣಿಸಿದೆ, ಒಳಗೆ ಒಮ್ಮೆ ಕೂಗಿ ನೋಡಲಿಲ್ಲ. ಆಗ ನಾನು ಗುನುಗುತ್ತಿದ್ದ ಹಾಡು ಭಾವನಿಗೆ ಕೇಳಿಸಿತಂತೆ. ಆದರೂ ಮೇಸ್ತ್ರಿ ಆಸ್ಪತ್ರೆಗೆ ಬಂದು ವಿಚಾರಿಸಿದಾಗ, ಯಾರು ಹಾಕಿದ್ರೋ ಗೊತ್ತಿಲ್ಲ ಅಂದುಬಿಟ್ಟರು. ನಾಳೆ ನಾನೇ ಹೋಗಿ ಮೇಸ್ತ್ರಿಗೆ ಹೇಳುತ್ತೇನೆ. ಅದಕ್ಕೆ ಮೊದಲು ನಿನಗೆ ಹೇಳಬೇಕಿತ್ತು.