ಲೋಕಲ್ಲಿನ ಭಜನೆಯನ್ನು ಕಚೇರಿಗೆ ಹೊತ್ತೊಯ್ದವರಿಗೆ

ರಬಾಳೆಯ ನಮ್ಮ ಕಚೇರಿಯ ಮಾನವ ಸಂಪನ್ಮೂಲ ಮುಖ್ಯಸ್ಥರೇ,

ಡೊಂಬಿವಲಿಯಿಂದ ಠಾಣೆಯವರೆಗಿನ ನನ್ನ ಲೋಕಲ್ ರೈಲಿನ ಪ್ರಯಾಣ ನಿಮ್ಮ ವಶದಲ್ಲಿದೆ. ದಯವಿಟ್ಟು ವಾಪಸು ಕೊಡಿ. ಒಳಗೆ ಬರುವ ಹೊತ್ತನ್ನು ಬೆರಳಚ್ಚಿನಿಂದ ಬಿಗಿದು, ಹೊರಗೆ ಹೋಗುವ ಹೊತ್ತನ್ನು ಮಾತ್ರ ಸಡಿಲ ಬಿಟ್ಟು ಅದಕ್ಕೆ ‘ಫ್ಲೆಕ್ಸಿ ಟೈಮ್’ ಎಂದು ಹೆಸರಿಟ್ಟಾಗ ನಾನು ಮಾತಾಡಲಿಲ್ಲ. ಸಂಪತ್ತು ಕಂಪನಿಗೆ, ಮೂಲವ್ಯಾಧಿ ಮಾನವನಿಗೆ ಎಂಬ ವಿಂಗಡಣೆಗೂ ಒಗ್ಗಿಕೊಂಡೆ. ಆದರೆ ‘ಹೇಗೂ ಪ್ರಯಾಣದಲ್ಲಿ ಖಾಲಿ ಇರುತ್ತೀರಲ್ಲ’ ಎಂದು ಬೆಳಗಿನ ಮೀಟಿಂಗನ್ನು ರೈಲಿಗೇ ಹತ್ತಿಸಿದಿರಲ್ಲ, ಅಲ್ಲಿ ಯಾರು ಖಾಲಿ ಇದ್ದರು ಸ್ವಾಮಿ?

ನಮ್ಮ ರೈಲು ಡಬ್ಬಿಯಲ್ಲಿ ಭಜನಾ ಮಂಡಳಿಯಿದೆ. ಟಿಟ್ವಾಳಾದಲ್ಲಿ ಹತ್ತುವ, ಠಾಣೆಯ ಹೋಟೆಲೊಂದರಲ್ಲಿ ಕ್ಯಾಷಿಯರ್ ಆಗಿರುವ ಶೇಖರಣ್ಣ ಹಾಡುತ್ತಾರೆ, ನನ್ನದು ತಾಳ. ಉಳಿದವರು ಕಿಟಕಿಯ ಸರಳನ್ನೋ ತಿಂಡಿಯ ಡಬ್ಬವನ್ನೋ ಬಡಿಯುತ್ತಾರೆ. ಇಡೀ ದಿನದಲ್ಲಿ ಯಾರ ಅಪ್ಪಣೆಯೂ ಇಲ್ಲದೆ ನಾನು ಮಾಡುತ್ತಿದ್ದುದು ಅದೊಂದೇ. ನಿಮ್ಮ ಸುತ್ತೋಲೆ ಬಂದ ಮೇಲೆ ಒಂದು ಕಿವಿಯಲ್ಲಿ ವಿಠಲ, ಇನ್ನೊಂದರಲ್ಲಿ ಮ್ಯಾನೇಜರು. ಎರಡೂ ಕೈಯಲ್ಲಿ ತಾಳವಿದ್ದರೆ ಫೋನನ್ನು ಮ್ಯೂಟ್ ಮಾಡುವುದು ಯಾರು? ಒಂದು ದಿನ ಇಡೀ ಮೀಟಿಂಗಿಗೆ ಭಜನೆ ಕೇಳಿಸಿತು. ಅಂದು ನೀವೂ ಅದರಲ್ಲಿದ್ದಿರಿ.

ಬೈಗುಳ ಬರುತ್ತದೆ ಎಂದುಕೊಂಡೆ. ನೀವು ಮೆಚ್ಚಿಬಿಟ್ಟಿರಿ! “ವಾಹ್, ಕ್ಯಾ ಪಾಸಿಟಿವ್ ಎನರ್ಜಿ ಹೈ!” ಮರುವಾರವೇ ಆದೇಶ: ಪ್ರತಿ ಶನಿವಾರ ಕೆಲಸ ಮುಗಿದ ಮೇಲೆ ಕಚೇರಿಯಲ್ಲಿ ‘ಒತ್ತಡ ನಿವಾರಣಾ ಭಜನೆ’. ನಡೆಸಿಕೊಡುವವನು ನಾನು. ಹಾಜರಿ ಕಡ್ಡಾಯ. ಒತ್ತಡ ಇಳಿಯದವರು ಮ್ಯಾನೇಜರನ್ನು ಕಾಣತಕ್ಕದ್ದು.

ಹೆಂಡತಿ ಚಂಪಾ ಕೇಳಿದಳು: “ಶನಿವಾರವೂ ತಡವಾ? ಎಂತ ಮಾರಾಯ್ರೆ, ಅಲ್ಲಿ ನಿಮ್ಮದು ಅಕೌಂಟ್ಸಾ, ಅರ್ಚಕರ ಕೆಲಸವಾ?” ನಗಬೇಕಿತ್ತು. ನಗು ಬರಲಿಲ್ಲ.

ಈಗ ಲೋಕಲ್ಲಿನಲ್ಲಿ ತಾಳ ಹಿಡಿದರೂ ಶನಿವಾರದ ಡ್ಯೂಟಿಗೆ ರಿಹರ್ಸಲ್ ಮಾಡಿದಂತೆ ಕೈ ಆಡುತ್ತದೆ. ನಿನ್ನೆ ಶೇಖರಣ್ಣ ಹಾಡು ನಿಲ್ಲಿಸಿದರು.

“ಎಂತ ಮಾರಾಯ, ನಿದ್ದೆಯಾ?”

“ಇಲ್ಲ ಅಣ್ಣ, ಮೀಟಿಂಗು.”

“ಹಾಗಾದ್ರೆ ತಾಳ ಇಲ್ಲಿ ಕೊಡು. ನೀನು ಅದನ್ನೇ ಮುಗಿಸು.”

ಕೊಟ್ಟೆ. ಅವರು ಸಿಟ್ಟಿನಿಂದ ಹೇಳಿದ್ದಲ್ಲ, ನನಗೂ ಬೇಸರವಾಗಲಿಲ್ಲ. ಬೇಸರವಾಗಲಿಲ್ಲ ಎಂಬುದೇ, ಮಾನ್ಯರೇ, ನನ್ನ ದೂರು. ತಾಳ ಹೋಯಿತು, ತಾಳ್ಮೆ ಮಾತ್ರ ಉಳಿದಿದೆ. ನಿಮಗೆ ಬೇಕಾದದ್ದೂ ಅದೇ ತಾನೇ?

ಮೀಟಿಂಗು ನಾನು ಕಚೇರಿಯಲ್ಲಿ ಬೆರಳೊತ್ತಿದ ಮೇಲೆ ಶುರುವಾಗಲಿ. ಶನಿವಾರದ ಭಜನೆ ರದ್ದಾಗಲಿ. ನನ್ನ ಒತ್ತಡವನ್ನು ನಾನೇ ಇಳಿಸಿಕೊಳ್ಳುತ್ತೇನೆ. ನಾನು ಠಾಣೆಯಲ್ಲಿ ಇಳಿಯುವಷ್ಟರಲ್ಲಿ ಅದೂ ತಾನಾಗಿ ಇಳಿಯುತ್ತಿತ್ತು.

ಇಂತಿ,
ನೀವು ಹೇಳಿದಂತೆ ಈಗ ಪ್ರಯಾಣದಲ್ಲಿ ನಿಜಕ್ಕೂ ಖಾಲಿ ಇರುವ,
ಡೊಂಬಿವಲಿಯ ಮಾಜಿ ತಾಳದವನು