ಭೀಮಥಡಿ ಕೆಂಚಿ ಮತ್ತು ನಿನ್ನ ಸಂಶಯ

ಅಪ್ಪಾ,

ಕೆಂಚಿಯನ್ನು ನಮ್ಮೂರು ಚಿಂತಾಕಿಗೆ ತಂದ ದಿನ ನೀನು ಅಂಗಳದಲ್ಲಿ ನಿಂತು ಓಣಿಯ ಮಂದಿಗೆಲ್ಲ ಹೇಳಿದ್ದು ನೆನಪಿದೆ. "ಇದು ಬರೇ ಕುದುರಿ ಅಲ್ರಿ, ಭೀಮಥಡಿ! ಭೀಮಾ ನದಿ ತಡಿ ತಳಿ. ಹುಡುಕಿದ್ರ ಸಿಗೂದಿಲ್ಲ." ಬೀದರ ಹತ್ತಿರದ ಕೊಳಾರದ ಕಾರ್ಖಾನೆಯಿಂದ ನಿವೃತ್ತನಾಗಿ ಬಂದ ಮನುಷ್ಯ ಎಮ್ಮೆ ಕೊಳ್ಳಲಿಲ್ಲ, ಮೋಟಾರ್ ಸೈಕಲ್ ಕೊಳ್ಳಲಿಲ್ಲ. ಊರ ಮುಂದೆ ಹಾದುಹೋಗುತ್ತಿದ್ದ ಕುರಿಗಾರರಿಂದ ಒಂದು ಗಿಡ್ಡ ಕೆಂದು ಕುದುರೆಯನ್ನು ಕೊಂಡು ತಂದಿದ್ದೆ.

ಬೀದರ ಕೋಟೆಗೆ ಕರೆದೊಯ್ದಾಗಲೆಲ್ಲ ನಿನ್ನದು ಒಂದೇ ಕಥೆ. ಅರಬ್, ತುರ್ಕಿ ಕುದುರೆಗಳು ಹಡಗಿನಿಂದ ಇಳಿದು, ಘಟ್ಟ ಹತ್ತಿ, ಬಹಮನಿ ಸುಲ್ತಾನರ ಲಾಯಕ್ಕೆ ಬಂದವು. ಇಲ್ಲಿಯ ತಟ್ಟು ಕುದುರೆಗಳ ಜೊತೆ ಕೂಡಿ ಈ ತಳಿ ಹುಟ್ಟಿತು. ಮುಂದೆ ಮರಾಠಾ ದಂಡು ಇದನ್ನೇರಿ ದಖನ್ನೆಲ್ಲ ಸುತ್ತಿತು. ದಂಡು ಹೋದ ಮೇಲೆ ಉಳಿದದ್ದು ಕುರಿಗಾರರ ಹತ್ತಿರ, ಅವರ ಗಂಟುಮೂಟೆ, ಎಳೆಯ ಕುರಿಮರಿಗಳನ್ನು ಹೊರಲು. ಎತ್ತರ ಕಡಿಮೆ, ಗೊರಸು ಗಟ್ಟಿ, ಒಣ ಹುಲ್ಲು ತಿಂದು ದಿನವಿಡೀ ಕಲ್ಲುದಾರಿ ನಡೆಯುವ ಜೀವ. ಹೇಳುವಾಗ ನಿನ್ನ ಎದೆ ಉಬ್ಬುತ್ತಿತ್ತು.

ತಳಿ ಕೆಡಬಾರದೆಂದು ನೀನು ಕೆಂಚಿಯನ್ನು ಭಾಲ್ಕಿಯ ಮಹಬೂಬ್ ಚಾಚಾರ ಹತ್ತಿರ ಬಿಟ್ಟುಬಂದಿದ್ದೆ. ಟಾಂಗಾ ಹೊಡೆದು ಬದುಕಿದ ನಿನ್ನ ಹರೆಯದ ಗೆಳೆಯ. ಅವರಲ್ಲಿ ಭೀಮಥಡಿ ಗಂಡು ಕುದುರೆ ಇತ್ತು. ಆದರೆ ಅದೇ ಅಂಗಳದಲ್ಲಿ ಮದುವೆ ಮೆರವಣಿಗೆಗೆ ಹೋಗುವ ಎತ್ತರದ ಮಾರವಾಡಿ ಗಂಡೂ ಇತ್ತಲ್ಲ... ಕೆಂಚಿ ಈದ ಮರಿ ಬೆಳೆದಂತೆ ಕಾಲುಗಳು ಉದ್ದವಾದವು. ಕಿವಿಯ ತುದಿಗಳು ಮಾರವಾಡಿ ಕುದುರೆಯ ಹಾಗೆ ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟಿದವು. ಮರಿ ನೋಡಲು ಬಂದ ಚಾಚಾರನ್ನು ಊರ ಕಟ್ಟೆಯ ಮುಂದೆ ನಿಲ್ಲಿಸಿ, "ದಗಾ ಮಾಡ್ದಿ, ಬ್ಯಾರೆ ಗಂಡು ಕೂಡಿಸ್ದಿ" ಎಂದೆ. ಅವರು ಒಂದು ಮಾತೂ ಆಡದೆ ಬಸ್ ಹತ್ತಿದರು. ತಪ್ಪಿಲ್ಲದವನು ಸುಮ್ಮನಿರುತ್ತಾನೆಯೇ? ನೀನು ಹಾಗೆ ಕೇಳಿದಾಗ ನನಗೂ ಹೌದೆನಿಸಿತ್ತು.

ನೀನು ತೀರಿಕೊಂಡಾಗ ನಿನ್ನ ಮಣ್ಣಿಗೆ ಚಾಚಾ ಬಂದಿದ್ದರಪ್ಪಾ. ಎಲ್ಲರೂ ಹೋದ ಮೇಲೆ ನೋಡಿದರೆ ಹಿತ್ತಿಲಲ್ಲಿ ಕೆಂಚಿಯ ಕೊರಳು ಸವರುತ್ತ ನಿಂತಿದ್ದಾರೆ. ಅಲ್ಲೇನು ಕೆಲಸ? ಯಜಮಾನ ಹೋದನೆಂದು ಕುದುರೆಯ ಮೇಲೆ ಕಣ್ಣೇ? ನನ್ನನ್ನು ಕಂಡೊಡನೆ ಕೈ ಹಿಂದಕ್ಕೆ ಎಳೆದುಕೊಂಡರು. ಅದು ನನ್ನ ಮನಸ್ಸಿನಲ್ಲಿ ಮುಳ್ಳಾಗಿ ಕೂತಿತು.

ಈ ತಳಿಯ ಅಪ್ಪಟ ಕುದುರೆಗಳನ್ನು ಹುಡುಕುತ್ತ ಪಶುವೈದ್ಯರೊಬ್ಬರು ಔರಾದ ಕಡೆ ಬಂದಾಗ, ನಾನೇ ಫೋನ್ ಮಾಡಿ ಕರೆದೆ. ಚಾಚಾರ ದಗಾ ಬಯಲಾಗಬೇಕಿತ್ತು. ತಳಿ ಪರೀಕ್ಷೆಗೆ ಕೆಂಚಿಯದೂ ಮರಿಯದೂ ರಕ್ತ ತೆಗೆದರು. ಅವರನ್ನು ಭಾಲ್ಕಿಗೂ ಕರೆದೊಯ್ದೆ. ಚಾಚಾ ತಾವೇ ಗಂಡು ಕುದುರೆಯನ್ನು ಹಿಡಿದು ತಂದು, "ತಗೊಳ್ರಿ ಡಾಕ್ಟರ್ ಸಾಬ್" ಎಂದರು. ಇಷ್ಟು ಸಲೀಸಾಗಿ ಯಾಕೆ ಒಪ್ಪಿದರು? ಕುದುರೆಯನ್ನೇ ಬದಲಿಸಿದ್ದಾರೋ ಏನೋ ಎಂದು ಅದರ ಹಣೆಯ ಬಿಳಿ ಮಚ್ಚೆಯನ್ನು ಎರಡು ಸಲ ನೋಡಿದೆ.

ಡಾಕ್ಟರು ಫೋನ್ ಮಾಡಿದಾಗ ನಾನು ಕೆಲಸ ಮಾಡುವ ಗೋದಾಮಿನ ಬಾಗಿಲಲ್ಲಿದ್ದೆ. ಮರಿ ಚಾಚಾರ ಭೀಮಥಡಿ ಗಂಡಿನದೇ ಅಂತೆ. ಆ ಗಂಡು ಅಪ್ಪಟ. ಮಾರವಾಡಿ ರಕ್ತ ಬಂದದ್ದು ತಾಯಿಯಿಂದ. ನಮ್ಮ ಕೆಂಚಿಯಿಂದ, ಅಪ್ಪಾ.

ಆ ಭಾನುವಾರವೇ ಭಾಲ್ಕಿಗೆ ಹೋದೆ. ಡಾಕ್ಟರು ಹೇಳಿದ್ದನ್ನು ತಿಳಿಸಿದರೆ ಚಾಚಾ ಆಶ್ಚರ್ಯಪಡಲಿಲ್ಲ.

"ಕೆಂಚಿ ತಾಯಿಗಿ ನಾ ನೋಡೀನಿ ಬೇಟಿ, ಆ ಕುರಿಗಾರರ ಹತ್ರ. ಅದರ ಕಿವಿ ಹಿಂಗೇ ಬಾಗಿದ್ವು. ನಿಮ್ಮಪ್ಪ ತಂದ ಮರುದಿನಾನೇ ಹೇಳ್ದೆ, ಇದರಾಗ ಮಾರವಾಡಿ ರಕ್ತ ಅದ ಅಂತ."

"ಅದಕ್ಕ ಅಪ್ಪ ಏನಂದ, ಚಾಚಾ?"

"ಊರಿಗೆಲ್ಲ ಭೀಮಥಡಿ ಅಂತ ಹೇಳಿಬಿಟ್ಟಿದ್ದ. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದ. ಹೇಳೂದಿಲ್ಲ ಅಂತ ಜಬಾನ್ ಕೊಟ್ಟೆ."

"ಕಟ್ಟಿ ಮುಂದ ಅಷ್ಟು ಬೈದಾಗರೆ ಹೇಳಬೇಕಿತ್ತಲ್ರಿ ಚಾಚಾ?"

"ಅಂವ ಬೈದ ಅಂತ ಕೊಟ್ಟ ಜಬಾನ್ ಹೊಳ್ಳಿ ತಗೊಳ್ಳಕ ಬರ್ತದೇನು?"

ನಂಬಬೇಕೋ ಬೇಡವೋ ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ. ಕುರಿಗಾರರ ಹಿಂಡು ಊರಿಗೆ ಬಂದಾಗಲೆಲ್ಲ ನೀನು ಕೆಂಚಿಯನ್ನು ಒಳಗೆ ಕಟ್ಟಿ ಬಾಗಿಲು ಮುಚ್ಚುತ್ತಿದ್ದೆಯಲ್ಲ, ಯಾಕಪ್ಪಾ? ಯಾರಾದರೂ ಅದರ ತಾಯಿಯ ಮಾತು ಎತ್ತಿಯಾರೆಂದೇ? ಮರಿಯ ಕಿವಿ ಕಂಡಾಗ ನಿನಗೆ ಎಲ್ಲ ತಿಳಿದಿತ್ತು. ತಿಳಿದೂ ಅವರನ್ನು ಕಟ್ಟೆಯ ಮುಂದೆ... ಇಲ್ಲ, ನಿನ್ನನ್ನು ನೀನೇ ನಂಬಿಸಿಕೊಂಡಿದ್ದೆಯೋ? ಈ ಸಂಶಯವನ್ನು ಪರೀಕ್ಷಿಸಲು ಯಾವ ಡಾಕ್ಟರನ್ನು ಕರೆಯಲಿ?

ಇನ್ನೊಂದು ಸುದ್ದಿ. ಬರುವ ಶುಕ್ರವಾರ ನಮಾಜು ಮುಗಿಸಿ ಚಾಚಾ ಚಿಂತಾಕಿಗೆ ಬರುತ್ತಾರೆ, ನಾನೇ ಕರೆದಿದ್ದೇನೆ. ದಗಾ ಮಾಡಿದವರು ಇವರಲ್ಲ ಎಂದು ಊರ ಮಂದಿಗೆ ಹೇಳುತ್ತೇನೆ. ಹಂಗಾದ್ರ ಯಾರವ್ವಾ ಎಂದು ಮಂದಿ ಕೇಳದೆ ಬಿಡುವುದಿಲ್ಲ. ಆಗ ನಿನ್ನ ಹೆಸರು ಹೇಳುತ್ತೇನೆ, ಅಪ್ಪಾ.

ನಿನ್ನ ಮಗಳು